ಮೂರನೆಯ ನುಡಿ

ಒಂದಾನೊಂದು ಕಾಲದಲ್ಲಿ, ಬಿಸಿಲು ಬೆಳಿಗ್ಗೆ ಹತ್ತಕ್ಕೆ ಇಳಿದು ಮಧ್ಯಾಹ್ನ ಮೂರಕ್ಕೆ ಎದ್ದು ಹೋಗುವ ಒಂದು ಕೊಳ್ಳದಲ್ಲಿ, ಇಬ್ಬರು ಅಕ್ಕತಂಗಿಯರಿದ್ದರು. ದೇವರು ಇಬ್ಬರಿಗೂ ಸೇರಿಸಿ ಒಂದೇ ದನಿ ಕೊಟ್ಟಿದ್ದ. ಅಕ್ಕ ಅದರ ಬುಡ ಹಿಡಿದರೆ ತಂಗಿ ತುದಿ ಹಿಡಿಯುತ್ತಿದ್ದಳು. ಒಂದು ದಿನ ಮನೆಯ ಮುದುಕಿ ಇಬ್ಬರ ಕೈಗೂ ಒಂದು ಗಂಟು ಕೊಟ್ಟು ಹೇಳಿದಳು: "ಇದನ್ನ ಊರೂರಿಗೆ ಒಯ್ಯಿರಿ, ಬಿಚ್ಚಿ ಹಂಚಿರಿ, ನನ್ನ ತಕರಾರಿಲ್ಲ. ಆದರೆ ತಳದಲ್ಲಿ ಒಂದು ಸಣ್ಣ ಹರಳಿದೆ. ಅದೊಂದನ್ನ ಮಾತ್ರ ವರ್ಷಕ್ಕೊಮ್ಮೆ ಗುಡ್ಡದ ಮೇಲಕ್ಕೆ ತಂದಿಡಬೇಕು." ಅಕ್ಕತಂಗಿಯರು ಆಗಲಿ ಎಂದರು. ಗಂಟು ಬಿಚ್ಚಿದಲ್ಲೆಲ್ಲ ಜನ ಮುಗಿಬಿದ್ದರು. ಎಷ್ಟು ಮುಗಿಬಿದ್ದರೆಂದರೆ, ತಳದಲ್ಲೊಂದು ಹರಳಿತ್ತು ಎಂಬುದನ್ನೇ ಎಲ್ಲರೂ ಮರೆತರು.

ಕಥೆಯಾಗಿದ್ದರೆ ಈ ಹೊತ್ತಿಗೆ ಒಂದು ಹಕ್ಕಿಯೋ ಮೀನೋ ಬಂದು ನೆನಪಿಸಬೇಕಿತ್ತು. ವರ್ಡಾ ಸ್ಟಿಡಮ್‌ಗೆ ನೆನಪಿಸಿದ್ದು ಟೆನೆಸಿಯ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಬಡಿಸುತ್ತಿದ್ದ ಒಬ್ಬ ಹುಡುಗಿ.

ಜುಲೈ ತಿಂಗಳ ಕೊನೆಯ ವಾರ. ಹೊರಗೆ ಬಸ್ಸಿಗೆ ಡೀಸೆಲ್ ತುಂಬಿಸುತ್ತಿದ್ದರು. ಬಸ್ಸಿನ ಮೈಮೇಲೆ 'ಸ್ಟಿಡಮ್ ಸಿಸ್ಟರ್ಸ್' ಎಂದು ಆಳೆತ್ತರದ ಅಕ್ಷರಗಳಿದ್ದವು. ಒಳಗೆ ಅಕ್ಕ ಡೆಲ್ಫಿಯಾ ಬನ್ನಿನಂಥ ಬಿಸಿ ಬಿಸ್ಕಿಟ್ಟನ್ನು ಮುರಿದು ಗ್ರೇವಿಯಲ್ಲಿ ಅದ್ದುತ್ತಿದ್ದಳು. ಅವಳ ಕೂದಲು ಗೋಪುರದಂತೆ ನಿಂತಿತ್ತು. ಅದನ್ನು ಹಾಗೆ ನಿಲ್ಲಿಸಲು ಬೆಳಿಗ್ಗೆ ಒಂದು ಗಂಟೆ ಹಿಡಿದಿತ್ತು. ವರ್ಡಾಳ ಮುಂದೆ ಕಾಫಿ ಆರುತ್ತಿತ್ತು.

ಬಡಿಸುವ ಹುಡುಗಿ ಕೆಟಲು ಹಿಡಿದು ಬಂದವಳು ಅಲ್ಲೇ ನಿಂತಳು.

"ಅಯ್ಯೋ ದೇವ್ರೇ. ನೀವೇ ಅಲ್ವಾ? ನೀವೇ! ನನ್ನ ಮದುವೇಲಿ ಮೊದಲನೇ ಕುಣಿತಕ್ಕೆ ನಿಮ್ಮ ಹಾಡೇ ಹಾಕಿದ್ದು ಕಣ್ರೀ. ನಮ್ಮ ಅತ್ತೆ ಗೊಳೋ ಅಂದ್ಬಿಟ್ರು. ಆ ಹೆಂಗಸು ಹೆತ್ತಪ್ಪ ಸತ್ತಾಗ್ಲೂ ಕಣ್ಣೀರು ಹಾಕಿರಲಿಲ್ಲ."

"ಅವರು ಅತ್ತಿದ್ದು ಹಾಡು ಕೇಳಿ ಅಲ್ಲಮ್ಮ, ಸೊಸೇನ ನೋಡಿ," ಎಂದಳು ಡೆಲ್ಫಿಯಾ. ಪಕ್ಕದ ಮೇಜಿನ ಲಾರಿ ಡ್ರೈವರುಗಳು ನಕ್ಕರು. ಹುಡುಗಿಯೂ ನಕ್ಕಳು. ನಕ್ಕು ಮುಗಿಸಿ ವರ್ಡಾಳ ಕಡೆ ಬಾಗಿದಳು.

"ಒಂದು ಮಾತು ಕೇಳ್ಲಾ? ಕೊನೆಗೆ ಅವನು ಬರ್ತಾನಾ? ನಮ್ಮವರು ಬರ್ತಾನೆ ಅಂತಾರೆ. ನಾನು ಬರಲ್ಲ ಅಂತೀನಿ. ಇದಕ್ಕೇ ದಿನಾ ಜಗಳ ನಮಗೆ."

"ಯಾರು?"

"ಅವನೇ ರೀ. ಚಿಲಕ ಹಾಕದೆ ಕಾಯ್ತಾಳಲ್ಲ, ಅವಳ ಗಂಡ."

ವರ್ಡಾ ಉಪ್ಪಿನ ಬಾಟಲಿಯನ್ನು ಒಂದು ಅಂಗುಲ ಆ ಕಡೆ ಸರಿಸಿದಳು. "ಗೊತ್ತಿಲ್ಲಮ್ಮ," ಎಂದಳು.

ಹುಡುಗಿ ಹೋಗಿ ಹಾಡಿನ ಪೆಟ್ಟಿಗೆಗೆ ಕಾಸು ಹಾಕಿದಳು. ತಮ್ಮದೇ ದನಿ ಹೋಟೆಲು ತುಂಬಿತು.

ಬಾಗಿಲ ಚಿಲಕ ಹಾಕಿಲ್ಲ ನಾನು,
ಕತ್ತಲಾದರೂ ಬಾ.
ಒಲೆಯ ಕೆಂಡ ಮುಚ್ಚಿಟ್ಟಿರುವೆ,
ತಡವಾದರೂ ಬಾ.

ಆಮೇಲೆ ಎರಡನೆಯ ನುಡಿ. ಅರ್ಧ ಹಾಸಿಗೆ ಖಾಲಿ ಬಿಟ್ಟದ್ದು, ಕೌದಿಯ ಅಂಚು ಮಡಚಿಟ್ಟದ್ದು. ಆಮೇಲೆ ಪಿಟೀಲು. ಪಿಟೀಲು ಹನ್ನೆರಡು ಸೆಕೆಂಡು ಅಳುತ್ತದೆ. ಅದು ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ಏರುವ ಪಲ್ಲವಿ: ಬಾ, ಹಳ್ಳ ದಾಟಿ ಬಾ, ಹೆಸರ ಕೂಗಿ ಕರೆವೆ ನಿನ್ನ, ಬಾ. ಲಾರಿ ಡ್ರೈವರುಗಳಲ್ಲಿ ಒಬ್ಬ ಚಮಚದಿಂದ ತಾಳ ಹಾಕಿದ. ವರ್ಡಾ ಎಂದಿನಂತೆ ಆ ಹನ್ನೆರಡು ಸೆಕೆಂಡನ್ನು ಎಣಿಸಿದಳು. ಹಲ್ಲು ಕೀಳುವ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿಯನ್ನು ಮುಟ್ಟಿದರೆ ಬೇರೆ ಯಾರದೋ ತುಟಿ ಮುಟ್ಟಿದಂತಾಗುತ್ತದಲ್ಲ, ಒಂದೂವರೆ ವರ್ಷದಿಂದ ಅವಳಿಗೆ ಈ ಹಾಡು ಹಾಗಾಗಿತ್ತು. ಹಾಡಷ್ಟೇ ಅಲ್ಲ, ಕಾಫಿ, ಊಟ, ಜನರ ಚಪ್ಪಾಳೆ, ಎಲ್ಲವೂ.

"ಆಗಸ್ಟ್ ಎರಡನೇ ಭಾನುವಾರ ನಾನು ಊರಿಗೆ ಹೋಗ್ತೀನಿ," ಎಂದಳು.

"ಅವತ್ತು ಓಹಾಯೋದಲ್ಲಿ ಕಾರ್ಯಕ್ರಮ ಇದೆ ಕಣೇ."

"ಹೋದ ವರ್ಷಾನೂ ಇತ್ತು."

"ಹೋದ ವರ್ಷ ಇಲಿನಾಯ್." ಡೆಲ್ಫಿಯಾ ಬೆರಳು ನೆಕ್ಕಿದಳು. "ನೋಡು, ನಾನೂ ಯೋಚನೆ ಮಾಡಿದೀನಿ. ಗೋರಿಗೆ ಒಂದು ಕಲ್ಲು ಮಾಡಿಸಿಬಿಡೋಣ. ಬೆಳ್ಳನೆ ಕಲ್ಲು, ಮೇಲೊಂದು ಕುರಿಮರಿ. ಹೆಸರು ಕೆತ್ತಿಸಿದ್ರೆ ಯಾರೂ ಹಾಡೋದೂ ಬೇಡ, ಮರೆಯೋದೂ ಇಲ್ಲ. ಅದೇ, ಹೆಸರು..." ಅವಳ ಕೈ ನಿಂತಿತು. "ತಡಿ, ಹೇಳ್ಬೇಡ. ಬಾಯಲ್ಲೇ ಇದೆ."

ಪಲ್ಲವಿ ಎರಡನೆಯ ಸಲ ಬಂದು ಹೋಯಿತು. ಪೆಟ್ಟಿಗೆ ಕಟ್ ಎಂದು ಸದ್ದು ಮಾಡಿ ಸುಮ್ಮನಾಯಿತು. ಡೆಲ್ಫಿಯಾಳ ಬಾಯಲ್ಲಿ ಹೆಸರು ಇರಲಿಲ್ಲ.

"ಹೇಳೇ, ಸಾಕು."

"ಇಲ್ಲಿ ಹೇಳೋ ಹೆಸರಲ್ಲ ಅಕ್ಕ ಅದು."

"ಇನ್ನೂರು ಸಲ ಹಾಡಿದೀನಿ ಕಣೇ ಆ ಹಾಡನ್ನ!"

"ಆ ಇನ್ನೂರರಲ್ಲಿ ಮೂರನೇ ನುಡಿ ಒಂದು ಸಲಾನೂ ಇಲ್ಲ."

ಡೆಲ್ಫಿಯಾ ತಟ್ಟೆಯನ್ನು ದೂರ ತಳ್ಳಿದಳು.

ಆ ಹೆಸರನ್ನು ಕಥೆ ಹೇಳುವವರೂ ಮುಂಚಿತವಾಗಿ ಹೇಳುವಂತಿಲ್ಲ. ಅದು ಅಜ್ಜಿ ಅರ್ಮಿಂಡಾಳ ಕಟ್ಟಳೆ. ಹೆಸರಿಗೆ ಒಂದು ದಿನವಿದೆ, ಒಂದು ಜಾಗವಿದೆ; ಅಲ್ಲಿಯೇ ಬಾಯಿ ಬಿಡಬೇಕು.

ಕೆಂಟಕಿಯ ಸ್ಪೈಸ್‌ವುಡ್ ಕೊಳ್ಳದಲ್ಲಿ ಅಜ್ಜಿಯ ಮೊದಲ ಕೂಸು ಹುಟ್ಟಿ ಹನ್ನೊಂದು ದಿನ ಇದ್ದು ಹೋಗಿತ್ತು. ಆಗ ಹಳ್ಳ ಉಕ್ಕಿ ದಾರಿ ಮುಚ್ಚಿತ್ತು. ಹಾಗಾಗಿ ಹುಟ್ಟಿದ್ದಕ್ಕೂ ಕಾಗದವಿಲ್ಲ, ಸತ್ತಿದ್ದಕ್ಕೂ ಇಲ್ಲ. ಗುಡ್ಡದ ಮೇಲಿನ ಮನೆತನದ ಸ್ಮಶಾನದಲ್ಲಿ ಹಳ್ಳದಿಂದ ಎತ್ತಿ ತಂದ ಒಂದು ಚಪ್ಪಟೆ ಕಲ್ಲು ನೆಟ್ಟರು. ಅದರ ಮೇಲೆ ಅಕ್ಷರವಿಲ್ಲ. ಅಜ್ಜಿಗೆ ಅಕ್ಷರ ಬರುತ್ತಲೂ ಇರಲಿಲ್ಲ. ಅವಳು ಒಣಗಿಸಲು ಹುರುಳಿಕಾಯಿಯನ್ನು ದಾರಕ್ಕೆ ಪೋಣಿಸುತ್ತ ಪೋಣಿಸುತ್ತ, ಒಂದು ಬೇಸಗೆ ಪೂರ್ತಿ, ಈ ಹಾಡನ್ನು ಕಟ್ಟಿದಳು. ಮೂರು ನುಡಿ. ಮೂರನೆಯದರ ಕೊನೆಯಲ್ಲಿ ಕೂಸಿನ ಹೆಸರು.

ಪ್ರತಿ ಆಗಸ್ಟಿನ ಎರಡನೆಯ ಭಾನುವಾರ ಮನೆತನದವರೆಲ್ಲ ಗುಡ್ಡ ಹತ್ತಿ ಸತ್ತವರನ್ನು ನೆನೆಯುವ ಕೂಟ ನಡೆಸುತ್ತಾರೆ. ಅಲ್ಲಿ ಗಿಟಾರಿಲ್ಲ, ಪಿಟೀಲಿಲ್ಲ, ಪುಸ್ತಕವೂ ಇಲ್ಲ. ಒಬ್ಬರು ನಿಂತು ಒಂದು ಸೊಲ್ಲನ್ನು ಮಾತಿಗೂ ಹಾಡಿಗೂ ನಡುವಿನ ದನಿಯಲ್ಲಿ ಬೇಗನೆ ಎತ್ತಿ ಕೊಡುತ್ತಾರೆ. ಉಳಿದವರೆಲ್ಲ ಅದನ್ನು ಹಿಡಿದು ನಿಧಾನವಾಗಿ, ನೀರು ಇಳಿಜಾರು ಹುಡುಕುವ ಹಾಗೆ, ಎಳೆದು ಹಾಡುತ್ತಾರೆ. ಎಲ್ಲರದೂ ಒಂದೇ ರಾಗ, ಒಂದೇ ಎತ್ತರ. ಆಮೇಲೆ ಮುಂದಿನ ಸೊಲ್ಲು. ಎತ್ತಿ ಕೊಟ್ಟ ಸೊಲ್ಲನ್ನು ಹಿಡಿಯದೆ ಬಿಡುವುದು ಆ ಕೊಳ್ಳದಲ್ಲಿ ಹುಟ್ಟಿದವರಿಂದ ಆಗದ ಕೆಲಸ. ಎದುರಿಗೆ ಚಾಚಿದ ಕೈಯನ್ನು ಹಿಡಿಯದೆ ಬಿಟ್ಟ ಹಾಗೆ. ಪ್ರಾರ್ಥನೆಯ ಮನೆಯೊಳಗೆ ಹೆಂಗಸರು ಸೊಲ್ಲು ಎತ್ತುವಂತಿಲ್ಲ. ಆದರೆ ಗುಡ್ಡದ ಮೇಲೆ, ತನ್ನ ಕೂಸಿನ ಕಲ್ಲಿನ ಮುಂದೆ, ಅರ್ಮಿಂಡಾಳನ್ನು ತಡೆದವರು ಯಾರೂ ಇರಲಿಲ್ಲ. ಐವತ್ತೊಂದು ವರ್ಷ ಅವಳು ಎತ್ತಿ ಕೊಟ್ಟಳು. ಐವತ್ತೊಂದು ಸಲ ಗುಡ್ಡ ಆ ಹೆಸರನ್ನು ಎಳೆದು ಹಾಡಿತು.

ಉಸಿರು ಸಾಲದಾದಾಗ ಅವಳು ಕರೆದದ್ದು ಕಿರಿಯವಳನ್ನು.

"ಡೆಲ್ಫಿ ಯಾಕೆ ಬೇಡ ಅಜ್ಜಿ? ಮುಂದೆ ಹಾಡೋಳು ಅವಳು. ನಾನು ಬರೀ ಅವಳ ಹಿಂದೆ ಮೇಲಿನ ದನಿಗೆ ಏರೋಳು," ಎಂದಿದ್ದಳು ವರ್ಡಾ.

"ಅವಳಿಗೆ ಎಲ್ಲಾನೂ ಚಂದ ಮಾಡೋ ಚಟ. ಅವಳು ಚಂದ ಮಾಡ್ತಾಳೆ. ನೀನು ಇದ್ದದ್ದನ್ನ ಇದ್ದ ಹಾಗೆ ಹೇಳು. ವರ್ಷಕ್ಕೆ ಒಂದು ಸಲ ಸಾಕು ನನ್ನ ಕೂಸಿಗೆ, ಕಾಯ್ತಾಳೆ. ಮಾತು ಕೊಡು."

ವರ್ಡಾ ಮಾತು ಕೊಟ್ಟಳು. ಅಜ್ಜಿ ಅವಳ ತಲೆಯ ಮೇಲೆ ಹುರುಳಿಕಾಯಿಯ ವಾಸನೆಯ ಕೈ ಇಟ್ಟಳು. "ಉಳಿದಿದ್ದನ್ನ ಎಲ್ಲಿ ಬೇಕಾದ್ರೂ ಹಾಡ್ಕೊಳ್ಳಿ ಹೋಗಿ," ಎಂದಳು.

ನ್ಯಾಶ್‌ವಿಲ್ಲಿನಲ್ಲಿ ಧ್ವನಿಮುದ್ರಣ ಮಾಡಿಸಿದವನು ಲೈಲ್ ಪ್ರುಯಿಟ್ ಎಂಬವನು. ಕೆಟ್ಟವನಲ್ಲ. ಊಟದ ಹೊತ್ತಿಗೆ ಊಟ ತರಿಸುತ್ತಿದ್ದ. ಮೊದಲ ಎರಡು ನುಡಿ ಕೇಳಿ ಅವನ ಕಣ್ಣು ಒದ್ದೆಯಾಯಿತು. ಮೂರನೆಯದನ್ನು, ಹೆಸರೊಂದನ್ನು ಬಿಟ್ಟು, ಹಾಡಿ ತೋರಿಸಿದಾಗ ಗಡಿಯಾರ ನೋಡಿದ.

"ಇದು ನಾಲ್ಕು ನಿಮಿಷ ದಾಟುತ್ತೆ ತಾಯಂದಿರಾ. ರೇಡಿಯೋದವರಿಗೆ ಮೂರು ಬೇಕು. ಅದೂ ಅಲ್ಲದೆ ಬೆಳಿಗ್ಗೆ ಕಾಫಿ ಕುಡಿಯೋ ಹೊತ್ತಲ್ಲಿ ಸತ್ತ ಕೂಸು ಯಾರಿಗೆ ಬೇಕು ಹೇಳಿ? ಈ ಎರಡು ನುಡಿ ಇಷ್ಟೇ ಇದ್ರೆ, ಕಾಯೋ ಹೆಂಡತಿ ಹಾಡು. ಈ ದೇಶದಲ್ಲಿ ಕಾಯೋ ಹೆಂಡತಿ ಇಲ್ಲದ ಮನೆ ಎಲ್ಲಿದೆ?"

ಡೆಲ್ಫಿಯಾ ವರ್ಡಾಳ ಮುಖ ನೋಡಿದ್ದಳು. ಅದು ನಿಜ. ಅವಳು ಕೇಳಿದ್ದಳು, ಕಣ್ಣಲ್ಲೇ. ವರ್ಡಾ ಏನೂ ಹೇಳಲಿಲ್ಲ. ಹಿಂದೆ ಏರುವವಳಿಗೆ ಮುಂದಾಗಿ ಮಾತಾಡಿ ಅಭ್ಯಾಸವಿರಲಿಲ್ಲ. ನುಡಿ ಇದ್ದ ಜಾಗದಲ್ಲಿ ಪಿಟೀಲು ಬಂತು.

ಹಾಡು ಹನ್ನೊಂದು ವಾರ ರೇಡಿಯೋದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿತ್ತು. ಎರಡು ವಾರ ಎಲ್ಲಕ್ಕಿಂತ ಮೇಲೆ. ಗೋಣಿಚೀಲದಲ್ಲಿ ಕಾಗದಗಳು ಬಂದವು. ಹಡಗಿನವರ ಹೆಂಡತಿಯರು ಬರೆದರು, ಜೈಲಿನಲ್ಲಿರುವವರು ಬರೆದರು, ಮೊದಲ ಕುಣಿತಕ್ಕೆ ಹಾಕಿಸಿದ್ದೇವೆ ಎಂದು ಹೊಸ ಮದುಮಕ್ಕಳು ಬರೆದರು. ಒಬ್ಬಳು ತನ್ನ ಮದುವೆಯ ಕೇಕಿನ ಮೇಲೆ ಸಕ್ಕರೆಯಲ್ಲಿ ಚಿಲಕ ಮಾಡಿಸಿ ಫೋಟೋ ಕಳಿಸಿದಳು. ವರ್ಡಾ ಎಲ್ಲವನ್ನೂ ಓದಿದಳು. ಯಾವುದನ್ನು ಓದಿದ ಮೇಲೂ ಏನೂ ಆಗಲಿಲ್ಲ.

ಅಜ್ಜಿ ಹೋದ ವರ್ಷದ ಜನವರಿಯಲ್ಲಿ ತೀರಿಹೋದಳು. ಅವರು ಮಣ್ಣಿಗೆ ಬಂದು ಒಂದೂವರೆ ದಿನ ಇದ್ದು ಬಸ್ಸು ಹತ್ತಿದರು. ಅಳು ಆಮೇಲೆ ಬರುತ್ತದೆ ಎಂದುಕೊಂಡಿದ್ದಳು ವರ್ಡಾ. ಅದು ದಾರಿ ತಪ್ಪಿತೋ ಏನೋ.

ಹೋಟೆಲಿನಿಂದ ಹೊರಟ ದಿನ ಅವಳು ಬಸ್ಸಿನ ಹಿಂಬದಿಯ ಪರದೆ ಎಳೆದುಕೊಂಡು ಹಾಡನ್ನು ತನ್ನಷ್ಟಕ್ಕೆ ಹಾಡಿ ನೋಡಿದಳು. ಮೊದಲ ನುಡಿ, ಎರಡನೆಯ ನುಡಿ. ಅಲ್ಲಿ ಬಾಯಿ ನಿಂತಿತು, ಹನ್ನೆರಡು ಸೆಕೆಂಡು ಸುಮ್ಮನಿತ್ತು, ಪಲ್ಲವಿಗೆ ಹಾರಿತು. ಮತ್ತೆ ಹಾಡಿದಳು. ಮತ್ತೆ ಅದೇ. ಮೂರನೆಯ ನುಡಿಯ ಮಾತುಗಳು ತಲೆಯಲ್ಲಿ ಒಂದೂ ಕಳೆಯದೆ ಇದ್ದವು. ಬೇಕಾದರೆ ಬರೆದು ಕೊಡುತ್ತಿದ್ದಳು. ಆದರೆ ಇನ್ನೂರು ಸಲ ನಡೆದ ಗಾಡಿಜಾಡು ಬಾಯನ್ನು ತನ್ನ ಪಾಡಿಗೆ ಎಳೆದುಕೊಂಡು ಹೋಗುತ್ತಿತ್ತು. ಏಳನೆಯ ಸಲ ಅವಳು ಪ್ರಯತ್ನ ಬಿಟ್ಟಳು. ಹೆದರಿಕೆಯಾಗಬೇಕಿತ್ತು. ಕಿಟಕಿಯ ಹೊರಗೆ ಜೋಳದ ಹೊಲ ಹೋಗುತ್ತಿತ್ತು. ಅದನ್ನು ನೋಡಿದಳು.

ಓಹಾಯೋಗೆ ಫೋನು ಮಾಡಿ ಬರುವುದಿಲ್ಲ ಎಂದು ಹೇಳಿದವಳು ಕೊನೆಗೆ ಡೆಲ್ಫಿಯಾಳೇ. "ಆ ಹೆಸರು ನೆನಪಾಗ್ತಾ ಇಲ್ಲ ಕಣೇ," ಎಂದಷ್ಟೇ ಅಂದಳು ಡೆಲ್ಫಿಯಾ ಎರಡು ದಿನ ಬಿಟ್ಟು, ಉಗುರಿಗೆ ಬಣ್ಣ ಹಚ್ಚುತ್ತ. "ನಿದ್ದೇಲೂ ಹುಡುಕ್ತೀನಿ."

ಶನಿವಾರ ಮಧ್ಯಾಹ್ನ ಬಿಸಿಲು ಇನ್ನೂ ಕೊಳ್ಳದಲ್ಲಿರುವಾಗಲೇ ತಲುಪಿದರು. ಅಜ್ಜಿಯ ತಮ್ಮ ಆರ್ವಿಲ್ ತಾತ ಜಗಲಿಯಲ್ಲಿ ಕೂತು ಹುರುಳಿಕಾಯಿ ಪೋಣಿಸುತ್ತಿದ್ದ. ಮೂವತ್ತು ವರ್ಷ ಗಣಿಯಲ್ಲಿದ್ದವನು. ಕಲ್ಲಿದ್ದಲ ಪುಡಿ ಎದೆಯಲ್ಲಿ ಕೂತು, ಒಂದು ಮಾತಿಗೆ ಎರಡು ಉಸಿರು ಬೇಕಾಗುತ್ತಿತ್ತು.

"ಬಂದ್ರಾ," ಎಂದ. "ನಿಮ್ಮನ್ನ ನೋಡೋಕೆ... ಟಿಕೆಟ್ಟು ತಗೋಬೇಕಾ?"

"ತಾತನಿಗೆ ಪುಕ್ಕಟೆ," ಎಂದಳು ಡೆಲ್ಫಿಯಾ.

"ಆ ಕೂದಲಲ್ಲಿ... ಗುಬ್ಬಿ ಗೂಡು ಕಟ್ಟಿದ್ರೂ... ಗೊತ್ತಾಗಲ್ಲ ನಿನಗೆ."

ವರ್ಡಾ ಅವನ ಪಕ್ಕ ಕೂತು ಸೂಜಿ ತೆಗೆದುಕೊಂಡಳು. ಡೆಲ್ಫಿಯಾ ಮುಖ ತೊಳೆಯಲು ಒಳಗೆ ಹೋದಳು.

"ಹೋದ ವರ್ಷ ಸೊಲ್ಲು ಯಾರು ಎತ್ತಿದ್ರು ತಾತ?"

"ಯಾರೂ ಇಲ್ಲ. ಆ ಕಲ್ಲಿನ ಹತ್ರ... ನಿಂತ್ವಿ. ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಮಾತು ಕೊಟ್ಟೋಳು ನೀನು. ನಾವು ಹೆಂಗೆ ಎತ್ತೋದು? ಮುಂದಿನ ಗೋರಿಗೆ ಹೋದ್ವಿ."

ಒಂದು ಕಾಯಿ ಪೋಣಿಸಿದ. ಇನ್ನೊಂದು.

"ನಿಮ್ಮಜ್ಜಿ ಕೇಳಿದ್ಲು ನಿಮ್ಮ ರೆಕಾರ್ಡು. ರೇಡಿಯೋ ಪಕ್ಕಾನೇ ಕೂತಿದ್ಲು. ಆ ಪಿಟೀಲು ಬಂತಲ್ಲ... ಬಾಯಿ ತೆಗೆದು ಕಾದ್ಲು. ಸೊಲ್ಲು ಹಿಡಿಯೋಕೆ. ನೀವು ಬಾ ಬಾ ಅಂತ ಶುರು ಮಾಡಿದ್ರಿ. ಬಾಯಿ ಮುಚ್ಚಿಕೊಂಡ್ಲು. 'ಎಲ್ಲಿ ಹೋದ್ಲು?' ಅಂದ್ಲು. ಅಷ್ಟೇ."

ವರ್ಡಾಳ ಸೂಜಿ ಬೆರಳಿಗೆ ಚುಚ್ಚಿತು. ಸಣ್ಣ ರಕ್ತದ ಬಿಂದು ಬಂತು. ಅವಳು ಅದು ಬಂದದ್ದನ್ನು ನೋಡಿದಳು.

"ಬೈಯಿ ತಾತ."

"ಬೈಯೋಕೆ ಉಸಿರು ಬೇಕಲ್ಲಮ್ಮ. ನಾಳೆಗೆ ಇಟ್ಟುಕೊಂಡಿದೀನಿ ಇರೋದನ್ನ." ಅವನು ದಾರವನ್ನು ಗಂಟು ಹಾಕಿದ. "ಹಳಬರು ನಾಲ್ಕು ಜನ ಉಳಿದಿದೀವಿ. ಈ ಸಲವೂ ಅವಳ ಹೆಸರು ಬರಲಿಲ್ಲ ಅಂದ್ರೆ... ಇನ್ನು ಬರಲ್ಲ. ಅಷ್ಟು ಗೊತ್ತಿರ್ಲಿ."

ಭಾನುವಾರ ಗುಡ್ಡದ ಮೇಲೆ ಹೋದಾಗ ವರ್ಡಾ ತಾನು ಬೇರೆ ಯಾವುದೋ ಗುಡ್ಡ ಹತ್ತಿದೆನೇನೋ ಎಂದುಕೊಂಡಳು. ಪ್ರತಿ ವರ್ಷ ಮೂವತ್ತು ಮಂದಿ ಇರುತ್ತಿದ್ದ ಜಾಗದಲ್ಲಿ ಇನ್ನೂರು ಮಂದಿ. ಸ್ಟಿಡಮ್ ಸಿಸ್ಟರ್ಸ್ ಬಂದಿದ್ದಾರಂತೆ ಎಂಬ ಸುದ್ದಿ ರಾತ್ರೋರಾತ್ರಿ ಮೂರು ತಾಲೂಕು ತಿರುಗಿತ್ತು. ಮಡಚುವ ಕುರ್ಚಿ ತಂದಿದ್ದರು, ಕ್ಯಾಸೆಟ್ ಯಂತ್ರ ತಂದಿದ್ದರು, ಮಗುವಿಗೆ ಹೊಸ ಅಂಗಿ ತೊಡಿಸಿ ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಗೋರಿಗಳ ಮೇಲಿನ ಪುಟ್ಟ ತಗಡಿನ ಮಾಡುಗಳಿಗೆ ಬೆನ್ನು ಒರಗಿಸಿ ನಿಂತಿದ್ದರು. ಮೇಣದಲ್ಲಿ ಅದ್ದಿದ ಕಾಗದದ ಹೂಗಳು ಬಿಸಿಲಿಗೆ ಮೆತ್ತಗಾಗಿದ್ದವು. ಆಚೆ, ಹಲಗೆಯ ಉದ್ದ ಮೇಜಿನ ಮೇಲೆ, ಊಟದ ಪಾತ್ರೆಗಳ ಮೇಲೆ ಬಟ್ಟೆ ಮುಚ್ಚಿತ್ತು.

ಆರ್ವಿಲ್ ತಾತ ಸತ್ತವರ ಹೆಸರುಗಳನ್ನು ಒಂದೊಂದೇ ಓದಿದ. ಅರ್ಮಿಂಡಾ ಎಂದಾಗ ನಿಂತು ಉಸಿರು ತೆಗೆದುಕೊಂಡ. ಆಮೇಲೆ ಚಪ್ಪಟೆ ಕಲ್ಲಿನ ಕಡೆ ಕೈ ತೋರಿಸಿ ವರ್ಡಾಳನ್ನು ನೋಡಿದ.

ಅವಳು ಕಲ್ಲಿನ ಪಕ್ಕ ನಿಂತಳು. ಡೆಲ್ಫಿಯಾ ಎರಡು ಹೆಜ್ಜೆ ಹಿಂದೆ ನಿಂತಳು. ಹಾಗೆ ನಿಂತದ್ದು ಇದೇ ಮೊದಲು. ವರ್ಡಾ ಬಾಯಿ ತೆರೆದಳು. "ಬಾಗಿಲ ಚಿಲಕ ಹಾಕಿಲ್ಲ ನಾನು," ಎಂದು ಬೇಗನೆ, ಬರಿದಾಗಿ, ಅಜ್ಜಿಯ ಹಾಗೆ ಎತ್ತಿ ಕೊಟ್ಟಳು.

ಇನ್ನೂರು ಮಂದಿಗೆ ಅಷ್ಟೇ ಸಾಕಾಯಿತು. ಅವರು ಸೊಲ್ಲಿಗೆ ಕಾಯಲಿಲ್ಲ. ಮೊದಲ ಸಾಲು ಹಿಡಿದವರು ಎರಡನೆಯದಕ್ಕೆ ತಾವೇ ಹೋದರು, ಮೂರನೆಯದಕ್ಕೆ ಹೋದರು, ರೇಡಿಯೋದಲ್ಲಿ ಇದ್ದ ವೇಗಕ್ಕೆ, ರೇಡಿಯೋದಲ್ಲಿ ಇದ್ದ ಎತ್ತರಕ್ಕೆ. ಹಳಬರು ನಾಲ್ಕು ಮಂದಿ ಇನ್ನೂ ಮೊದಲ ಸಾಲಿನ ಬಾಲ ಎಳೆಯುತ್ತಿರುವಾಗಲೇ ಹಾಡು ಅವರನ್ನು ದಾಟಿ ಮುಂದೆ ಹೋಗಿತ್ತು. ವರ್ಡಾ ಎರಡನೆಯ ನುಡಿಯ ಸೊಲ್ಲು ಕೊಡಲು ಕೈ ಎತ್ತಿದಳು. ಅವರು ಆಗಲೇ ಕೌದಿ ಮಡಚುತ್ತಿದ್ದರು. ಆ ಹನ್ನೆರಡು ಸೆಕೆಂಡು ಬಂದಾಗ ಯಾರೋ ಬಾಯಲ್ಲೇ ಪಿಟೀಲು ಬಾರಿಸಿದರು. ಜನ ನಕ್ಕರು. ಆಮೇಲೆ ಗುಡ್ಡಕ್ಕೆ ಗುಡ್ಡವೇ ಪಲ್ಲವಿಗೆ ಏರಿತು, ಬಾ, ಹಳ್ಳ ದಾಟಿ ಬಾ. ವರ್ಡಾಳಿಗೆ ತನ್ನ ದನಿ ಕೇಳಿಸಿತು. ಅದೂ ಅಲ್ಲೇ ಇತ್ತು, ಎಲ್ಲರ ಮೇಲೆ, ತೆಳ್ಳಗೆ, ಎಂದಿನ ಜಾಗದಲ್ಲಿ. ಬಾಯಿ ತನ್ನ ಜಾಡು ಹಿಡಿದು ಹೋಗಿತ್ತು.

ಹಾಡು ಮುಗಿಯಿತು. ಜನ ಚಪ್ಪಾಳೆ ತಟ್ಟಿದರು.

ಆ ಗುಡ್ಡದ ಮೇಲೆ ಯಾರೂ ಯಾವತ್ತೂ ಚಪ್ಪಾಳೆ ತಟ್ಟಿರಲಿಲ್ಲ. ಆರ್ವಿಲ್ ತಾತ ಟೋಪಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ. ಏನೋ ಹೇಳಲು ಹೊರಟವನು ಕೆಮ್ಮಿದ. ಕೆಮ್ಮು ನಿಂತ ಮೇಲೆ, "ಊಟ ಮಾಡಿ," ಎಂದ.

ಜನ ಮೇಜಿನ ಕಡೆ ಹರಿದರು. ಬಟ್ಟೆಗಳು ಎದ್ದವು, ಕರಿದ ಕೋಳಿಯ ವಾಸನೆ, ಒಣಗಿಸಿದ ಹುರುಳಿಕಾಯಿಯನ್ನು ಹಂದಿಮಾಂಸದಲ್ಲಿ ಬೇಯಿಸಿದ ವಾಸನೆ. ಒಬ್ಬ ಹೆಂಗಸು ಡೆಲ್ಫಿಯಾಳ ಕೈಗೆ ರೆಕಾರ್ಡು ಕೊಟ್ಟು ಸಹಿ ಹಾಕಿಸಿಕೊಂಡಳು. ಇನ್ನೊಬ್ಬಳು, "ನಮ್ಮ ಮಗಳ ಮದುವೆಗೂ ಇದೇ ಹಾಡು," ಎಂದಳು. ಡೆಲ್ಫಿಯಾ ನಕ್ಕು, ಸಹಿ ಹಾಕಿ, ಅವರನ್ನು ದಾಟಿ ಬಂದಳು.

"ಆಯ್ತಲ್ಲ," ಎಂದಳು ಪಿಸುದನಿಯಲ್ಲಿ. "ಹಾಡಿದ್ವಲ್ಲ. ಬಾರೇ, ಏನಾದ್ರೂ ತಿನ್ನು. ಮುಖ ಬಿಳುಚಿಕೊಂಡಿದೆ."

"ಹೆಸರು ಬಂತಾ ಅಕ್ಕ?"

ಡೆಲ್ಫಿಯಾ ಚಪ್ಪಟೆ ಕಲ್ಲನ್ನು ನೋಡಿದಳು. ಯಾರೋ ಅದರ ಮೇಲೆ ಸೋಡಾ ಡಬ್ಬಿ ಇಟ್ಟು ಹೋಗಿದ್ದರು. ಅವಳು ಬಾಗಿ, ಗೋಪುರದ ಕೂದಲನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಡಬ್ಬಿಯನ್ನು ಎತ್ತಿದಳು. ಸೆರಗಿಲ್ಲದ ಉಡುಪಿನ ತುದಿಯಿಂದಲೇ ಕಲ್ಲಿನ ಮೇಲಿನ ಒದ್ದೆ ಗುರುತನ್ನು ಒರೆಸಿದಳು. ಬೆಳ್ಳಿ ಮಣಿಗಳ ಉಡುಪು, ಓಹಾಯೋಗೆಂದು ಹೊಲಿಸಿದ್ದು.

ವರ್ಡಾ ಅಲ್ಲಿಂದ ಕದಲಲಿಲ್ಲ. ಅಳು ಬರುತ್ತದೇನೋ ಎಂದು ಒಂದು ಗಳಿಗೆ ಕಾದಳು, ಬಸ್ಸಿಗೆ ಕಾಯುವ ಹಾಗೆ. ಬರಲಿಲ್ಲ. ಬರದಿದ್ದರೆ ಬೇಡ ಎಂದುಕೊಂಡಳು. ಅಜ್ಜಿ ಅಳಲು ಹೇಳಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳು ಎಂದಿದ್ದಳು. ರಾಗಕ್ಕೆ ಬಾಯಿ ಕೊಟ್ಟರೆ ತಾನೇ ಅದು ಜಾಡು ಹಿಡಿದು ಓಡುವುದು?

ಅವಳು ರಾಗ ತೆಗೆಯಲಿಲ್ಲ. ಮೊದಲಿಂದ ಶುರುಮಾಡಲೂ ಇಲ್ಲ. ಅಂಗಡಿಯವನಿಗೆ ಸಾಮಾನಿನ ಪಟ್ಟಿ ಹೇಳುವವರ ದನಿಯಲ್ಲಿ, ಗಟ್ಟಿಯಾಗಿ, ಹೇಳಿದಳು:

"ಹನ್ನೊಂದು ದಿನ ಇದ್ದು ಹೋದವಳೆ."

ಮೇಜಿನ ಹತ್ತಿರ ಗದ್ದಲ ನಡೆದೇ ಇತ್ತು. ಆದರೆ ಆರ್ವಿಲ್ ತಾತನ ಕೈ, ಕೋಳಿಯ ತುಂಡನ್ನು ಬಾಯಿಗೆ ಒಯ್ಯುತ್ತಿದ್ದದ್ದು, ನಡುವಿನಲ್ಲೇ ನಿಂತಿತು. ಅವನು ತುಂಡನ್ನು ತಟ್ಟೆಗೆ ಇಟ್ಟ. ಕೈಯನ್ನು ಪ್ಯಾಂಟಿಗೆ ಒರೆಸಿದ. ನಾಳೆಗೆ ಎಂದು ಇಟ್ಟುಕೊಂಡಿದ್ದ ಉಸಿರನ್ನು ತೆಗೆದ. "ಹ...ನ್ನೊಂದು..." ಎಂದು ಎಳೆದ. ಅವನ ಪಕ್ಕದ ಮುದುಕಿ, ಬಾಯಲ್ಲಿದ್ದದ್ದನ್ನು ನುಂಗಿ, ಹಿಡಿದಳು. ಉಳಿದ ಇಬ್ಬರು ಹಳಬರು ಎಲ್ಲಿದ್ದರೋ ಅಲ್ಲಿಂದಲೇ ಹಿಡಿದರು. ನಾಲ್ಕು ಒಡಕು ದನಿಗಳು ಸಾಲನ್ನು ಎಳೆಯತೊಡಗಿದವು.

ಜನ ತಿರುಗಿದರು. ಇದು ಆ ಹಾಡೇ ಹೌದು, ಆದರೆ ಈ ಮಾತು ಅವರಿಗೆ ಗೊತ್ತಿರಲಿಲ್ಲ. ಮುಂದೆ ಓಡಲು ಜಾಡಿರಲಿಲ್ಲ. ಒಬ್ಬ ಗಂಡಸು ಬಾಯಿ ತೆರೆದು, ಏನು ಹಾಡಬೇಕೆಂದು ತಿಳಿಯದೆ, ವರ್ಡಾಳ ತುಟಿ ನೋಡುತ್ತ ನಿಂತ. ಎಲ್ಲರೂ ಹಾಗೇ ನಿಂತರು, ತಟ್ಟೆ ಹಿಡಿದುಕೊಂಡು. ಅವರಿಗೆ ಈಗ ಕಾಯದೆ ಬೇರೆ ದಾರಿ ಇರಲಿಲ್ಲ.

"ನಡೆಯಲು ನೀನು ಕಲಿಯಲಿಲ್ಲ."

ಈ ಸಲ ಮೂವತ್ತು ಮಂದಿ ಹಿಡಿದರು. ಕೊಳ್ಳದವರು, ಮರೆತಿದ್ದೇವೆ ಎಂದುಕೊಂಡಿದ್ದವರು. ಹಿಂದೆ ಯಾರೋ ಹೆಂಗಸು, "ಅಯ್ಯೋ, ಕೂಸಾ? ಕೂಸಿಗಾ ಇದು?" ಎಂದದ್ದು ಕೇಳಿಸಿತು. ಯಾರೋ ಅವಳಿಗೆ ಶ್ಶ್ ಎಂದರು. ತನ್ನ ಬೆನ್ನ ಹಿಂದೆ ಡೆಲ್ಫಿಯಾ ಉಸಿರು ಎಳೆದುಕೊಂಡದ್ದೂ ವರ್ಡಾಳಿಗೆ ಕೇಳಿಸಿತು. ಈಗ ಅವಳು ಚಂದ ಮಾಡುತ್ತಾಳೆ, ಈಗ ಏರುತ್ತಾಳೆ ಎಂದುಕೊಂಡಳು. ಡೆಲ್ಫಿಯಾ ಏರಲಿಲ್ಲ. ಎಲ್ಲರ ಜೊತೆ, ಅದೇ ಎತ್ತರದಲ್ಲಿ, ಕೊಟ್ಟಷ್ಟನ್ನು ಹಿಡಿದಳು.

"ನಾನೇ ಹಳ್ಳ ದಾಟಿ ಬರುವೆ."

ಇನ್ನೂರು ಮಂದಿ ಅದನ್ನು ಎಳೆದರು. ನಿಧಾನವಾಗಿ. ಅಷ್ಟು ನಿಧಾನವಾಗಿ ಹಾಡಿ ಅಭ್ಯಾಸವಿಲ್ಲದವರು ನಡುವೆ ಉಸಿರು ಕಳೆದುಕೊಂಡು ಮತ್ತೆ ಹಿಡಿದರು. ಸಾಲು ಮುಗಿಯಿತು. ಗುಡ್ಡ ಸುಮ್ಮನಾಗಿ, ಮುಂದಿನ ಸೊಲ್ಲಿಗೆ ಬಾಯಿ ತೆರೆದು ಕಾಯಿತು.

ವರ್ಡಾಳ ತುಟಿ ಇನ್ನೂ ಅವಳದಾಗಿರಲಿಲ್ಲ. ಆದರೂ ಅದು ಹೇಳಿದ ಮಾತು ಕೇಳಿತು.

"ಅಲ್ಲೇ ಇರು, ಲೀಥಾ."

"ಲೀ..." ಎಂದು ಹಿಡಿದಳು ಡೆಲ್ಫಿಯಾ, ಎಲ್ಲರಿಗಿಂತ ಮೊದಲು. ಆರ್ವಿಲ್ ತಾತ ಹಿಡಿದ, ಮುದುಕಿಯರು ಹಿಡಿದರು, ಮಡಚುವ ಕುರ್ಚಿಯವರು ಹಿಡಿದರು, ಮದುವೆಗೆ ಇದೇ ಹಾಡು ಎಂದಿದ್ದ ಹೆಂಗಸು ಹಿಡಿದಳು. ಹೆಸರು ಗುಡ್ಡದ ಮೇಲಿಂದ ಇಳಿದು, ಕೊಳ್ಳದ ಆ ಬದಿಗೆ ಹೋಗಿ, ಮುಗಿಯಿತು.